ಉದ್ದನೆಯ ಹೆಸರಿನ ಸಾಲು

ಆರಿಂಚಿನ ಸ್ಟೀಲ್ ಸ್ಕೇಲನ್ನು ಮಾನಿಟರಿನ ಗಾಜಿಗೆ ಒತ್ತಿ, ಒಂದು ಕಣ್ಣು ಮುಚ್ಚಿ ಅವರು ಬಗ್ಗಿದಾಗ ಮೂಗುತಿಯ ಬಿಳಿ ಹರಳು ಪರದೆಯ ಬೆಳಕಿಗೆ ನೀಲಿಯಾಗುತ್ತಿತ್ತು. ವಿಶಾಖಪಟ್ಟಣದ ಪಕ್ಕದ ದುವ್ವಾಡದಲ್ಲಿ, ನನ್ನ ಮೊದಲ ಕೆಲಸದಲ್ಲಿ, ಅವರು ನಮ್ಮ ಟೀಮ್ ಲೀಡರ್. ಧಾರವಾಡದ ಹೆಣ್ಣುಮಗಳು, ವಿಶಾಖಪಟ್ಟಣದ ತೆಲುಗು ಮನೆಯ ಸೊಸೆ. ಆಂಧ್ರದ ಗೋಂಗೂರ ಸೊಪ್ಪಿನ ಚಟ್ನಿಗೆ ಜೋಳದ ರೊಟ್ಟಿ ಮುರಿಯುತ್ತಿದ್ದವರು ಇಡೀ ಆಫೀಸಿನಲ್ಲಿ ಅವರೊಬ್ಬರೇ.

"ಕಣ್ಣಿಗೆ ಸರಿ ಕಂಡ್ರ ಸಾಲಂಗಿಲ್ಲ ತಂಗಿ, ಅಳದು ನೋಡು," ಎನ್ನುತ್ತಿದ್ದರು.

ಆಸ್ಪತ್ರೆಯೊಂದಕ್ಕೆ ಲ್ಯಾಬ್ ವರದಿಯ ಪ್ರೋಗ್ರಾಮ್ ಬರೆಯುತ್ತಿದ್ದೆವು. ಪಠ್ಯದ ಪೆಟ್ಟಿಗೆಯಲ್ಲಿ ಪರೀಕ್ಷೆಯ ಹೆಸರು, ಇಂದಿನ ಫಲಿತಾಂಶ, ಹಿಂದಿನ ಫಲಿತಾಂಶ; ನಡುನಡುವೆ ಟ್ಯಾಬ್ ಎಂಬ ನಿಗದಿತ ತೆರಪು. ಟ್ಯಾಬಿನ ಅಗಲವನ್ನು ಅಲ್ಲಿ ಪಿಕ್ಸೆಲಿನಲ್ಲಿ ಕೊಡುವಂತಿಲ್ಲ. ಅಕ್ಷರದ ಸರಾಸರಿ ಅಗಲದ ಕಾಲುಭಾಗವೇ ಅಳತೆ. ನಾನು ಅದನ್ನು ಕಂಪ್ಯೂಟರಿನ ಮೂಲ ಫಾಂಟಿನಿಂದ ಲೆಕ್ಕ ಹಾಕಿದ್ದೆ. ಪೆಟ್ಟಿಗೆಯಲ್ಲಿದ್ದುದು ಅದಕ್ಕಿಂತ ಸಣ್ಣ ಫಾಂಟು. ಟ್ಯಾಬ್ ಇಕ್ಕಟ್ಟಾಯಿತು.

ಪ್ರೋಗ್ರಾಮ್ ಸರಿಯಿದೆಯೆಂಬ ಪತ್ರಕ್ಕೆ ಸಹಿ ಹಾಕುವ ಮುನ್ನ ಪರೀಕ್ಷೆಗಳ ಪಟ್ಟಿಯಲ್ಲೇ ಅತಿ ಉದ್ದದ ಹೆಸರನ್ನು ಹಾಕಿ ನೋಡುವುದು ಅವರ ರೂಢಿ. ಆ ಹೆಸರು ಟ್ಯಾಬಿನ ಜಾಗ ದಾಟಿತು. ಇಂದಿನ ಫಲಿತಾಂಶ ಜಿಗಿದು ಹಿಂದಿನ ಫಲಿತಾಂಶದ ಕಾಲಮ್ಮಿನಲ್ಲಿ ಕುಳಿತಿತು.

ಮ್ಯಾನೇಜರ್ ನಕ್ಕರು. "ಒಂದು ಟ್ಯಾಬಿಗೆ ಇಷ್ಟು ರಗಳೆಯಾ ಮೇಡಮ್ ಗಾರು? ನಾಳೆ ಕೊಡಬೇಕು. ಆಮೇಲೆ ಸರಿ ಮಾಡಿದರಾಯಿತು."

"ನಾಳೆ ಡಾಕ್ಟರು ಯಾವ ಅಂಕಿ ನೋಡಿ ಔಷಧಿ ಬರೀತಾರೆ?"

"ಇದು ಯಾರ ತಪ್ಪು?"

"ನನ್ನ ಟೀಮಿನದು." ಮೇಡಮ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಸಹಿ ಹಾಕಿ. ಇಲ್ಲದಿದ್ದರೆ ವಿಜಯವಾಡ ಬ್ರಾಂಚಿಗೆ ಹೋಗಬೇಕಾಗುತ್ತೆ."

ಮೇಡಮ್ ಅವರ ಮಗಳು ಹತ್ತನೇ ತರಗತಿಯಲ್ಲಿದ್ದಳು. ಅದುವರೆಗೆ ತೆಲುಗಿನಲ್ಲಿ ಮಾತಾಡುತ್ತಿದ್ದವರು ಥಟ್ಟನೆ ಕನ್ನಡಕ್ಕೆ ಹೊರಳಿದರು: "ಹಾಕಂಗಿಲ್ಲ. ರೈಲು ಇಲ್ಲೇ ದುವ್ವಾಡದಾಗ ನಿಲ್ತೈತಿ, ಹೋಗ್ತೀನಿ."

ಮ್ಯಾನೇಜರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಅರ್ಥವಾಯಿತು.

ಸಂಜೆ ಮ್ಯಾನೇಜರ್ ಅದೇ ಪತ್ರವನ್ನೂ ಪೆನ್ನನ್ನೂ ನನ್ನ ಮೇಜಿನ ಮೇಲಿಟ್ಟು, ಟೀಮಿನ ಪರವಾಗಿ ನೀನೇ ಸಹಿ ಹಾಕು ಎಂದರು. ಮೀಟಿಂಗುಗಳಲ್ಲಿ ನಾನು ಬಾಯಿ ಬಿಟ್ಟವಳೇ ಅಲ್ಲ. "ತಪ್ಪು ನನ್ನದು ಸರ್. ಸರಿಪಡಿಸಿ, ಅಳೆದ ಮೇಲೆ ಸಹಿ ಹಾಕ್ತೀನಿ," ಎಂದು ಪೆನ್ನನ್ನು ಅವರತ್ತಲೇ ಸರಿಸಿದೆ. ಸಹಿಯಿಲ್ಲದೆ ಪ್ರೋಗ್ರಾಮ್ ಹೋಗುವಂತಿರಲಿಲ್ಲ. ಗಡುವು ಮೂರು ದಿನ ಮುಂದೆ ಹೋಯಿತು. ಮೇಡಮ್ ಅವರ ವರ್ಗಾವಣೆ ಮಾತ್ರ ನಿಲ್ಲಲಿಲ್ಲ; ಮರುದಿನವೇ ಹೊರಟರು.

ಕೆಲಸ ಮುಗಿಸಿ ವಿಜಯವಾಡಕ್ಕೆ ಫೋನ್ ಮಾಡಿದೆ. ಮೇಡಮ್ ಹೊಗಳಲಿಲ್ಲ.

"ಉದ್ದನ್ ಹೆಸರು ಹಾಕಿ ನೋಡಿದಿ?"

"ನೋಡ್ದೆ ಮೇಡಮ್."

"ಅಳದಿ?"

"ಅಳೆದೆ."

"ಹಂಗಾರ ಸಹಿ ಹಾಕು."

ಅವರು ದುವ್ವಾಡದ ಆಫೀಸಿಗೆ ಮರಳಲೇ ಇಲ್ಲ. ಆಮೇಲೆ ಎಷ್ಟೋ ಮ್ಯಾನೇಜರುಗಳು ನನ್ನ ಮುಂದೆ ಪೆನ್ನು ಇಟ್ಟಿದ್ದಾರೆ. ನಾನು ಮೊದಲು ಸ್ಕೇಲು ತೆಗೆಯುತ್ತೇನೆ.