ಅವ್ವನ ಎರಡು ಹೆಸರು, ಮೂರು ಕಾರ್ಡು

ಅವ್ವನ ಸೊಂಟದ ಕೀಲು ಸವೆದುಹೋಗಿದೆ, ಬದಲಿಸಲೇಬೇಕು ಅಂತ ಡಾಕ್ಟರು ಹೇಳಿದ ದಿನ ನಮ್ಮ ಊಟದ ಮೇಜಿನ ಮೇಲೆ ಮೂರು ಕಾಗದ ಬಂದು ಕೂತವು. ಒಂದು, ನಿವೃತ್ತರ ಆರೋಗ್ಯ ಕಾರ್ಡು. ಅಪ್ಪ ನಾವಿರುವ ಪುಣೆಯಲ್ಲೇ ಕೇಂದ್ರ ಸರ್ಕಾರದ ಡಿಪೋ ಒಂದರಲ್ಲಿ ಗುಮಾಸ್ತನಾಗಿದ್ದವರು. ಅವರು ಹೋಗಿ ಆರು ವರ್ಷವಾದರೂ ಆ ಕಾರ್ಡು ಅವ್ವನಿಗೆ ನಡೆಯುತ್ತಿತ್ತು. ಎರಡನೆಯದು ಪುಣೆ ಹತ್ತಿರದ ಚಾಕಣದಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಯವರು ನೌಕರರ ತಂದೆತಾಯಿಯರನ್ನೂ ಸೇರಿಸಿ ಮಾಡಿಸಿದ್ದ ವಿಮೆಯ ಹಾಳೆ. ಮೂರನೆಯದು ಒಂದು ಕರಪತ್ರ. ಎಪ್ಪತ್ತು ದಾಟಿದ ಎಲ್ಲರಿಗೂ ಸರ್ಕಾರದ ಹೊಸ ಆರೋಗ್ಯ ಕಾರ್ಡು, ಭಾನುವಾರ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲೇ ಶಿಬಿರ, ಆಧಾರ್ ತನ್ನಿ, ಅಷ್ಟೇ ಸಾಕು.

ನನ್ನ ಹೊಟ್ಟೆಪಾಡೇ ತಪಾಸಣೆ. ಬೆಳಗಿಂದ ಸಂಜೆವರೆಗೆ ಕಾರಿನ ಬಿಡಿಭಾಗ ಕೈಯಲ್ಲಿ ಹಿಡಿದು, ಇದು ಅದರೊಳಗೆ ಕೂರುತ್ತದೋ ಇಲ್ಲವೋ ಅಂತ ನೋಡುವವಳು ನಾನು. ಮೂರು ಕಾಗದ ಒಟ್ಟಿಗೆ ಕಂಡದ್ದೇ ತಡ, ತಲೆಯಲ್ಲಿ ಹುಳ ಬಿಟ್ಟಂಗಾಯಿತು. ಮೂರೂ ಇದ್ದರೆ ಯಾವುದು ಮೊದಲು ಕೊಡುತ್ತದೆ? ಒಂದು ಕೊಟ್ಟು ಉಳಿದದ್ದನ್ನು ಇನ್ನೊಂದು ಕೊಡುತ್ತದೆಯೋ? ಅಥವಾ ಒಂದಕ್ಕೊಂದು ಬೆರಳು ತೋರಿಸಿ, ನೀನೇ ಕೊಡು ಅನ್ನುತ್ತವೆಯೋ?

"ಯಾವುದರೇ ಕೊಡಲಿ, ತಗೋ. ನಿನಗ ಎಲ್ಲಾದನ್ನೂ ಕೆದಕೋ ಚಟ," ಅಂದಳು ಅವ್ವ. ಆಕೆಗೆ ಮೂರರಲ್ಲಿ ಬೇಕಾದದ್ದು ಒಂದೇ, ಹೊಸದು. "ಕೆಳಗಿನ ಮನಿ ಅಜ್ಜಿ ತನ್ನ ಕಾರ್ಡು ತೋರಿಸ್ಯಾಳ. ಮ್ಯಾಲ ಆಕೀದs ಫೋಟೋ, ಆಕೀದs ಹೆಸರು. ಯಾರ ಹೆಂಡ್ತಿ, ಯಾರ ಅವ್ವ ಅಂತ ಏನೂ ಇಲ್ಲ. ನನಗೂ ಅಂಥಾದ್ದು ಒಂದು ಇರಲಿ."

ಎಪ್ಪತ್ತೊಂದರ ಅವ್ವ ಬಾಯಿಬಿಟ್ಟು ಏನಾದರೂ ಬೇಕು ಅಂದದ್ದು ನಾನು ಕೇಳಿದ್ದು ಕಡಿಮೆ. ಆಯ್ತು ಬಿಡು, ಹೋಗೋಣ ಅಂದೆ.

ಭಾನುವಾರ ಶಿಬಿರದಲ್ಲಿ ಜಾತ್ರೆ. ವಾಕರ್, ಕೋಲು, ಮೊಣಕಾಲಿನ ಪಟ್ಟಿ, ನಡುವೆ ಚಹಾದ ಕಪ್ಪು. ಮೇಜಿನ ಹಿಂದೆ ಕೂತಿದ್ದ ಹುಡುಗಿ ಹುಟ್ಟಿದ ದಿನಾಂಕ ಓದಿ ಓದಿ ನಗುತ್ತಿದ್ದಳು. ಮುಕ್ಕಾಲು ಜನರದ್ದು ಜೂನ್ ಒಂದು. ಅವ್ವನದ್ದೂ ಅದೇ. ಶಾಲೆಗೆ ಸೇರಿಸುವಾಗ ಮಾಸ್ತರು ಎಲ್ಲರಿಗೂ ಒಂದೇ ಹುಟ್ಟುಹಬ್ಬ ಹಂಚಿದ್ದರು, ಕೃಷ್ಣೆಯ ಆಚೆಯೂ ಈಚೆಯೂ.

ಆಧಾರ್ ಸಂಖ್ಯೆ ಹಾಕಿದ್ದಾಯಿತು. ಅವ್ವ ಸೆರಗು ಸರಿಮಾಡಿಕೊಂಡು, ಕುಂಕುಮ ಇಟ್ಟುಕೊಳ್ಳದ ಹಣೆ ಒರೆಸಿಕೊಂಡು, ಫೋಟೋಗೆ ಕೂತಳು. ಹುಡುಗಿ ಕೇಳಿದಳು, "ಆಜೀ, ಆಧೀ ಕುಠಲೀ ಸರಕಾರೀ ಆರೋಗ್ಯ ಯೋಜನಾ ಆಹೇ ಕಾ?" ಮೊದಲೇ ಯಾವುದಾದರೂ ಸರ್ಕಾರಿ ಯೋಜನೆ ಇದೆಯಾ ಅಂತ.

"ನಾಹೀ ಗ ಬಾಳಾ," ಇಲ್ಲ ಮಗಾ, ಅಂದಳು ಅವ್ವ, ಕಣ್ಣೂ ಮಿಟುಕಿಸದೆ.

ನನ್ನ ಫೋನಿಗೆ ಓಟಿಪಿ ಬಂತು. ಓದಿ ಹೇಳಲು ಬಾಯಿ ತೆರೆದವಳು ನಿಂತುಬಿಟ್ಟೆ. ಆಹಾ, ಪ್ರಶ್ನೆ ಕೇಳಿದರು ಅಂದಮೇಲೆ ಉತ್ತರಕ್ಕೆ ಏನೋ ಬೆಲೆ ಇರಲೇಬೇಕಲ್ಲ! ಕಾರ್ಖಾನೆಯ ಬುದ್ಧಿ ಎಲ್ಲಿ ಹೋಗುತ್ತದೆ. "ಹೌದು ಅಂದರೆ ಏನಾಗುತ್ತದೆ?" ಅಂತ ಕೇಳಿದೆ.

ಹುಡುಗಿ ಬೇಜಾರು ಮಾಡಿಕೊಳ್ಳದೆ ಬಿಡಿಸಿ ಹೇಳಿದಳು. ಖಾಸಗಿ ವಿಮೆ ಇದ್ದರೆ ಚಿಂತೆಯಿಲ್ಲ, ಅದೂ ಇರಲಿ ಇದೂ ಇರಲಿ. ಕೇಂದ್ರದ ನಿವೃತ್ತರ ಕಾರ್ಡು ಇದ್ದರೆ ಮಾತ್ರ ಎರಡರಲ್ಲಿ ಒಂದನ್ನು ಆರಿಸಬೇಕು. ಇದನ್ನು ತಗೊಂಡರೆ ಅದನ್ನು ಬಿಟ್ಟುಕೊಡಬೇಕು, ಆರಿಸುವುದು ಒಂದೇ ಸಲ. ಹೊಸ ಕಾರ್ಡು ಆಸ್ಪತ್ರೆಯಲ್ಲಿ ಅಡ್ಮಿಟ್ ಆದರೆ ನೋಡಿಕೊಳ್ಳುತ್ತದೆ. ದಿನಾ ನುಂಗುವ ಗುಳಿಗೆ ಅದರ ಲೆಕ್ಕಕ್ಕೆ ಬರುವುದಿಲ್ಲ.

ಅವ್ವನಿಗೆ ಹೃದಯದ್ದು, ಬಿಪಿದು, ಸಕ್ಕರೆದು ಅಂತ ದಿನಕ್ಕೆ ಏಳು ಗುಳಿಗೆ. ತಿಂಗಳು ತಿಂಗಳೂ ಹಳೆ ಕಾರ್ಡು ತೋರಿಸಿ ದವಾಖಾನೆಯಿಂದ ತರುತ್ತಿದ್ದವಳು ನಾನೇ. ಹತ್ತು ವರ್ಷದಿಂದ ಆಕೆಯ ನಾಡಿ ಬಲ್ಲ ಡಾಕ್ಟರೂ ಅಲ್ಲೇ ಇದ್ದರು. ಒಂದು ಓಟಿಪಿಗೆ ಅದೆಲ್ಲ ಹೋಗುತ್ತಿತ್ತು. ಫೋನು ಪರ್ಸಿನೊಳಗೆ ಹಾಕಿಕೊಂಡು, "ಇವತ್ತು ಬ್ಯಾಡ, ನಡಿ ಅವ್ವಾ," ಅಂದೆ.

ಲಿಫ್ಟಿನೊಳಗೆ ಬಾಗಿಲು ಮುಚ್ಚಿದ ಮೇಲೆ ಅವ್ವ ಶುರು ಮಾಡಿದಳು. "ನನ್ನ ಮಾನ ತಗದಿ. ಪಾಳಿ ಬಂದಿತ್ತು, ಫೋಟೋ ಆಗಿತ್ತು. ನಿನಗೇನು ಅಡ್ಡಿ ಇತ್ತು?"

"ನೀ ಸುಳ್ಳ ಯಾಕ ಹೇಳಿದಿ? ಇಲ್ಲ ಅಂದ್ಯಲ್ಲ!"

"ಸುಳ್ಳೇನ್ ಬಂತು? ಅದು ನಿಮ್ಮಪ್ಪಂದು. ನನ್ನದಲ್ಲ. ಅವರು ಹೋದ ಮ್ಯಾಲ ಎರವಲು ಉಣ್ಣಾಕತ್ತೀನಿ, ಅಷ್ಟs."

ಆಗ ಗೊತ್ತಾಯಿತು ನನಗೆ, ಅವ್ವ ಸುಳ್ಳು ಹೇಳಿರಲಿಲ್ಲ. ಆ ಕಾರ್ಡು ಮೊದಲು ಅಪ್ಪನ ಪಾಕೀಟಿನಲ್ಲಿತ್ತು, ಆಮೇಲೆ ನನ್ನ ಪರ್ಸಿಗೆ ಬಂತು. ದವಾಖಾನೆಯಲ್ಲಿ ಟೋಕನ್ ನಂಬರು ಕೂಗುತ್ತಾರೆ, ಹೆಸರು ಕೂಗುವುದಿಲ್ಲ. ಒಂದು ದಿನವಾದರೂ ಕನ್ನಡಕ ಹಾಕಿಕೊಂಡು ಅದನ್ನು ಓದಬೇಕು ಅಂತ ಅವ್ವನಿಗೆ ಅನ್ನಿಸಿರಲಿಲ್ಲ. ಮನೆಗೆ ಬಂದವಳೇ ಕಾರ್ಡು ತೆಗೆದು ಆಕೆಯ ಮುಂದಿಟ್ಟೆ. "ಇಲ್ಲಿ ನೋಡು. ಫೋಟೋ ಯಾರದು? ಹೆಸರು ಯಾರದು?"

ಅವ್ವ ಕನ್ನಡಕ ಹುಡುಕಿದಳು. ಹಿಂದಿಯಲ್ಲಿದ್ದ ಅಕ್ಷರಗಳ ಮೇಲೆ ಬೆರಳಿಟ್ಟು ಓದಿದಳು, ಮತ್ತೆ ಓದಿದಳು. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು, "ಈ ಹೆಸರು ಇಲ್ಲಿ ಹೆಂಗ ಬಂತು?"

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಮದುವೆಯ ದಿನ ಹರಿವಾಣದ ಅಕ್ಕಿಯಲ್ಲಿ ಉಂಗುರದಿಂದ ಬರೆದು ಸೊಸೆಗೆ ಹೊಸ ಹೆಸರು ಇಡುವ ಪದ್ಧತಿ ಇತ್ತು. ಜಮಖಂಡಿಯಲ್ಲಿ ಹದಿನೆಂಟು ವರ್ಷ ಒಂದು ಹೆಸರಿನವಳಾಗಿದ್ದ ಅವ್ವ ಒಂದೇ ಮುಂಜಾನೆಯಲ್ಲಿ ಇನ್ನೊಬ್ಬಳಾದಳು. ರೇಶನ್ ಕಾರ್ಡು, ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು, ಎಲ್ಲದರಲ್ಲೂ ಗಂಡನ ಮನೆಯ ಹೆಸರೇ. ಹಳೆ ಹೆಸರಿನಿಂದ ಕರೆಯುತ್ತಿದ್ದ ನನ್ನ ಸೋದರಮಾವಂದಿರೂ, ಅವ್ವನ ತಂಗಿ ಮೌಶಿಯೂ ಒಬ್ಬೊಬ್ಬರಾಗಿ ಹೋಗಿಬಿಟ್ಟಿದ್ದರು. ಈ ಕಾರ್ಡಿನಲ್ಲಿ ತವರಿನ ಹೆಸರಿದ್ದದ್ದು ನನಗೆ ಗೊತ್ತಿತ್ತು. ಯಾರೋ ಗುಮಾಸ್ತನ ಎಡವಟ್ಟು ಅಂದುಕೊಂಡು ಸುಮ್ಮನಿದ್ದೆ. ಗುಳಿಗೆ ಸಿಕ್ಕರೆ ಸಾಕಲ್ಲ ಅನ್ನುವ ಸೋಮಾರಿತನ. ತಪಾಸಣೆಯವಳಂತೆ, ತಪಾಸಣೆಯವಳು!

ಆ ಎಡವಟ್ಟು ಈಗ ಅಡ್ಡ ಬಂತು. ಆಸ್ಪತ್ರೆಯ ವಿಮಾ ಕೌಂಟರಿನಲ್ಲಿದ್ದ ಹೆಂಗಸು ಭಾಳ ಚುರುಕು. ನನ್ನ ಪ್ರಶ್ನೆಗಳಿಗೆಲ್ಲ ನಗುತ್ತಲೇ ಉತ್ತರ ಕೊಟ್ಟಳು. ಹಳೆ ಕಾರ್ಡಿನ ಮೇಲೆ ಆಪರೇಷನ್ ಮಾಡಿಸಬಹುದು. ಅದಕ್ಕೆ ದರ ಗೊತ್ತುಮಾಡಿದ್ದಾರೆ, ಅಷ್ಟನ್ನು ಅವರು ಕಟ್ಟುತ್ತಾರೆ. ಅದರ ಆಚೆಗೆ ನಿಮ್ಮ ಕೈಯಿಂದ ಏನಾದರೂ ಹೋದರೆ, ಆ ಉಳಿದ ಭಾಗವನ್ನು ಮಾತ್ರ ನಿಮ್ಮ ಕಾರ್ಖಾನೆಯ ವಿಮೆಗೆ ಕೇಳಿ. ಒಂದೇ ಬಿಲ್ಲನ್ನು ಇಬ್ಬರಿಗೂ ಪೂರ್ತಿ ತೋರಿಸಲು ಬರುವುದಿಲ್ಲ. ನಾನು ಮನಸ್ಸಿನಲ್ಲೇ ನಮ್ಮ ಮದುವೆ ಊಟಕ್ಕೆ ಹೋಲಿಸಿಕೊಂಡೆ. ಹಳೆ ಕಾರ್ಡೂ ಹೊಸ ಕಾರ್ಡೂ ಎರಡು ಬೇರೆ ಪಂಕ್ತಿ, ಒಬ್ಬರು ಒಂದರಲ್ಲಿ ಮಾತ್ರ ಕೂರಬೇಕು. ಕಾರ್ಖಾನೆಯ ವಿಮೆ ಯಾವ ಪಂಕ್ತಿಯಲ್ಲಿ ಕೂತರೂ ಕೊನೆಗೆ ಬಡಿಸುವ ಮಜ್ಜಿಗೆ. ಇಷ್ಟು ತಿಳಿದದ್ದಕ್ಕೆ ನನಗೆ ಎಷ್ಟು ಖುಷಿಯಾಯಿತೆಂದರೆ, ಆಕೆಯ ಮುಂದಿನ ಮಾತು ಕೇಳಿಸಲೇ ಇಲ್ಲ.

"ಮೇಡಂ, ಕಾರ್ಡಿನಲ್ಲಿ ಇರುವವರು ಯಾರು?" ಅಂತ ಆಕೆ ಮತ್ತೊಮ್ಮೆ ಕೇಳಿದಳು. "ಆಧಾರ್‌ನಲ್ಲಿ ಬೇರೆಯವರು ಇದ್ದಾರೆ."

ಅಪ್ಪ ಹೋದಾಗ ಪಿಂಚಣಿಯ ಕೆಲಸಕ್ಕೆ ಬ್ಯಾಂಕಿನವರು ಗುರುತಿನವರ ಸಾಕ್ಷಿ ತಗೊಂಡು, ಅವ್ವನಿಂದ ತೋರಿಸಿದ ಕಡೆ ಸಹಿ ಹಾಕಿಸಿಕೊಂಡು ಮುಗಿಸಿದ್ದರು. ಇಲ್ಲಿ ಅದು ನಡೆಯಲಿಲ್ಲ. ಅಪ್ಪನ ಕಚೇರಿಯ ದಾಖಲೆಯ ನಕಲು ಬೇಕು, ಎರಡೂ ಹೆಸರಿನವಳು ಒಬ್ಬಳೇ ಅಂತ ನೋಟರಿ ಮಾಡಿಸಿದ ಪತ್ರ ಬೇಕು. ಇಲ್ಲದಿದ್ದರೆ ಹಳೆ ಕಾರ್ಡಿನ ಮೇಲೆ ಆಪರೇಷನ್ ಇಲ್ಲ. ಅವ್ವ ಅಷ್ಟು ಹೊತ್ತಿಗೆ ಗೋಡೆ ಹಿಡಿಯದೆ ಬಚ್ಚಲಿಗೂ ಹೋಗಲಾರದ ಸ್ಥಿತಿಗೆ ಬಂದಿದ್ದಳು.

"ನೋಡಿದ್ಯಾ, ಅದಕ್ಕs ಹೊಸಾದು ಮಾಡಸೂಣು ಅಂದೆ," ಅಂದಳು ಅವ್ವ. ಒಂದು ಗಳಿಗೆ ನನಗೂ ಹಾಗೇ ಅನ್ನಿಸಿತು. ಓಟಿಪಿ ಹೇಳಿಬಿಡೋಣ, ಗುಳಿಗೆ ನಾನು ಕೊಂಡು ತರುತ್ತೇನೆ, ಈ ತಿರುಗಾಟ ಸಾಕು ಅಂತ. ಆದರೆ ಡಿಪೋಗೆ ಹೋಗಲೇಬೇಕು ಅಂತ ಹಟ ಹಿಡಿದದ್ದು ಅವ್ವನೇ. "ಆ ಹೆಸರು ಯಾರು ಬರಸಿದ್ರು, ನೋಡಬೇಕು ನನಗ." ಕುತೂಹಲದ ಚಟ ನನಗೆ ಎಲ್ಲಿಂದ ಬಂತು ಅಂತ ಅವತ್ತು ತಿಳಿಯಿತು.

ರಿಕ್ಷಾದಲ್ಲಿ ಎರಡು ದಿಂಬು ಇಟ್ಟು ಕರೆದುಕೊಂಡು ಹೋದೆ. ಡಿಪೋದ ಹೆಡ್‌ಕ್ಲರ್ಕ್ ಸಂಭಾವಿತ ಮನುಷ್ಯ. ಅವ್ವನಿಗೆ ಕುರ್ಚಿ ಹಾಕಿಸಿ, ಒಳಗಿನಿಂದ ಅಪ್ಪನ ಸೇವಾ ಪುಸ್ತಕ ತರಿಸಿ, ದಾರ ಬಿಚ್ಚಿದರು. ಕುಟುಂಬದ ವಿವರದ ಹಾಳೆ ಮೊದಲ ಪುಟಗಳಲ್ಲೇ ಇತ್ತು. ಅಪ್ಪನ ದುಂಡನೆಯ ಅಕ್ಷರ, ನೀಲಿ ಶಾಯಿ. ಹೆಂಡತಿಯ ಹೆಸರು ಅನ್ನುವ ಜಾಗದಲ್ಲಿ ಮೊದಲು ಹೊಸ ಹೆಸರು ಬರೆದಿದ್ದರು. ಅದರ ಮೇಲೆ ನೆಟ್ಟಗೆ ಒಂದು ಗೆರೆ ಎಳೆದು, ಮಗ್ಗುಲಲ್ಲಿ ತವರಿನ ಹೆಸರು ಬರೆದು, ತಿದ್ದಿದ್ದಕ್ಕೆ ಪುಟ್ಟದೊಂದು ಸಹಿ ಹಾಕಿದ್ದರು. ಎಡವಟ್ಟು ಮಾಡಿದ ಗುಮಾಸ್ತ ಅಪ್ಪನೇ ಆಗಿದ್ದರು, ಮತ್ತು ಅದು ಎಡವಟ್ಟು ಆಗಿರಲಿಲ್ಲ.

ಅವ್ವ ಭಾಳ ಹೊತ್ತು ಆ ಹಾಳೆ ನೋಡಿದಳು. "ಮದವಿ ಆಗಿ ಎಂಟು ದಿನ ಆಗಿತ್ತು," ಅಂದಳು. "ಹೊಸ ಹೆಸರು ಹಿಡಸೇದೇನು ಅಂತ ಕೇಳಿದ್ರು. ನಾ ಇಲ್ಲ ಅಂತ ಗೋಣು ಅಲ್ಲಾಡಿಸಿದೆ. ನಮ್ಮವ್ವ ಇಟ್ಟದ್ದು, ನಾ ಏನ್ ಮಾಡಲಿ ಅಂದ್ರು. ಅಷ್ಟs. ಮತ್ತ ಆ ಮಾತು ಯಾರೂ ಆಡಲಿಲ್ಲ."

ಅಪ್ಪ ಆಕೆಯನ್ನು ಯಾವ ಹೆಸರಿನಿಂದಲೂ ಕರೆದವರಲ್ಲ. "ಏ, ಕೇಳಿಸ್ತೇನು?" ಅನ್ನುವುದೇ ನಮ್ಮ ಮನೆಯಲ್ಲಿ ಅವ್ವನ ಹೆಸರಾಗಿತ್ತು. ನನಗೆ ಅಪ್ಪನ ಮೇಲೆ ಸಿಟ್ಟೇ ಬಂತು. ಒಂದು ಸಲ ಹೇಳಬಾರದಿತ್ತೇ? ಐವತ್ತು ವರ್ಷ ಬೀರುವಿನೊಳಗೆ ಬೀಗ ಹಾಕಿ ಇಡುವಂಥ ಮಾತೇ ಅದು? ಅವ್ವನಿಗೆ ಮಾತ್ರ ಸಿಟ್ಟಿರಲಿಲ್ಲ. ಕಣ್ಣು ಒರೆಸಿಕೊಂಡು ಹೆಡ್‌ಕ್ಲರ್ಕಿಗೆ, "ಝೆರಾಕ್ಸ್ ಎರಡು ಕೊಡ್ರಿ, ಒಂದು ನನಗ," ಅಂದಳು. ಅವರಿಗೆ ಕನ್ನಡ ಬಾರದು. ಆದರೂ ಎರಡು ತೆಗೆದುಕೊಟ್ಟರು.

ನೋಟರಿಯ ಬಳಿ ಎರಡೂ ಹೆಸರಿನ ಸಹಿ ಹಾಕಬೇಕಾಯಿತು. ಹೊಸ ಹೆಸರನ್ನು ಅವ್ವ ಮರಾಠಿಯಲ್ಲಿ ಸರಸರ ಬರೆದಳು. ಹಳೆಯದನ್ನು ಕನ್ನಡದಲ್ಲಿ, ಶಾಲೆಯಲ್ಲಿ ಬರೆದ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ ಬರೆದಳು. ಹೊಸ ಕಾರ್ಡಿನ ಮಾತನ್ನು ಆಕೆ ಮತ್ತೆ ಎತ್ತಲಿಲ್ಲ. ಆ ಕರಪತ್ರದ ಹಿಂದೆ ಈಗ ನಮ್ಮ ಮನೆಯ ಕಿರಾಣಿ ಯಾದಿ ಇದೆ.

ಆಪರೇಷನ್ ದಿನ ಮುಂಜಾನೆ ನಾವು ವಾರ್ಡಿನ ಹೊರಗೆ ಕೂತಿದ್ದೆವು. ಅವ್ವ ಬಳೆ ತೆಗೆದು ನನ್ನ ಕೈಗೆ ಕೊಟ್ಟಿದ್ದಳು. ನರ್ಸ್ ಪಟ್ಟಿ ಹಿಡಿದು ಬಂದು ಹೆಸರು ಕೂಗಿದಳು. ಕಾರ್ಡಿನ ಹೆಸರು, ತವರಿನ ಹೆಸರು. ರೂಢಿಯಂತೆ ನಾನೇ ಕೈ ಎತ್ತಲು ಹೋದೆ. ಅವ್ವ ನನ್ನ ಕೈ ಹಿಡಿದು ಕೆಳಗಿಳಿಸಿದಳು.

"ಮೀಚ್ ತೀ," ಅಂದಳು, ಅವಳೇ ನಾನು ಅಂತ. ಆಮೇಲೆ, "ಪುನ್ಹಾ ಏಕದಾ ಮ್ಹಣಾ." ಇನ್ನೊಂದು ಸಲ ಹೇಳಿ.

ನರ್ಸಿಗೆ ಏನೂ ತಿಳಿಯಲಿಲ್ಲ. ಅಜ್ಜಿಗೆ ಕಿವಿ ಮಂದ ಅಂದುಕೊಂಡಳೋ ಏನೋ, ಹತ್ತಿರ ಬಂದು, ಬಗ್ಗಿ, ನಿಧಾನವಾಗಿ ಆ ಹೆಸರನ್ನು ಇನ್ನೊಂದು ಸಲ ಹೇಳಿದಳು.