ಗೋಡೆ ದಾಟಿದ ಶುಗರ್

ಐರೋಲಿಯ ಆಫೀಸಿನಲ್ಲಿ ಶುಗರ್ ಮೆಷಿನ್‌ಗೆ ಬ್ಲೂಟೂತ್ ಸೇರಿಸಿದ ಖುಷಿ ತಡೆಯಲಾಗದೆ ಅದನ್ನು ಡೊಂಬಿವಲಿಯ ಮನೆಗೇ ತಂದೆ. ಅಮ್ಮ ಬೆರಳು ಚುಚ್ಚಿಕೊಂಡಳು. ಮರುಕ್ಷಣ ನನ್ನ ಮೊಬೈಲಿನ ಆ್ಯಪಿನಲ್ಲಿ ೨೪೦ ಮೂಡಿತು. ನಾನು ಕುಣಿಯುವುದೊಂದು ಬಾಕಿ.

ಅಷ್ಟರಲ್ಲಿ ಪಕ್ಕದ ಮನೆಯ ಮರಾಠಿ ಕಾಕು ಪೂರಣಪೋಳಿಯ ತಟ್ಟೆ ಹಿಡಿದು ಬಂದರು. ಪರೀಕ್ಷೆಗೆಂದು ಅದೇ ಆ್ಯಪನ್ನು ಅವರ ಮೊಬೈಲಿಗೂ ಹಾಕಿಕೊಟ್ಟಿದ್ದೆ. ಯಾರ ಮೊಬೈಲೆಂದು ಕೇಳುವ ಬುದ್ಧಿಯನ್ನು ಮೆಷಿನ್‌ಗೆ ಕಲಿಸಿರಲಿಲ್ಲ; ಅಮ್ಮನ ನಂಬರ್ ಗೋಡೆಯಾಚೆ ಅವರಿಗೂ ಹೋಗಿತ್ತು. "ವಹಿನಿ, ಶುಗರ್ ದೋನ್‌ಶೇ ಚಾಳೀಸ್?" ಎಂದು ಆ ಇನ್ನೂರ ನಲವತ್ತಕ್ಕೆ ಅಮ್ಮನನ್ನು ಗದರಿ, ತಟ್ಟೆಯನ್ನು ನನ್ನ ಕೈಗಿತ್ತು ಹೋದರು.

"ನಾಳೆಯೇ ಲಾಕ್ ಹಾಕ್ತೇನಮ್ಮ."

"ಕಾಕುಗೆ ನಂಬರ್ ಹೋಗುವುದನ್ನು ನಿಲ್ಲಿಸಬೇಡ ಮಾರಾಯ್ತಿ" ಎಂದಳು ಅಮ್ಮ. "ಹಗಲಿಡೀ ನಿನ್ನ ಮೊಬೈಲು ಐರೋಲಿಯಲ್ಲಿ ಅಲ್ವಾ?"