ಲೂಯಿಯ ಎಡಗೈಗಿಟ್ಟ ತೊಗಟೆ

ಎಲೆಗಳೆಲ್ಲ ಉದುರಿದ ಮೇಲೆ ಲೂಯಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತುಹೋಯಿತು.

ಅವನ ಹೆಂಡತಿ ಡೆಲಿಯಾ ಬುಟ್ಟಿ ಹೆಣೆಯುವವಳು. ಸಿಪಾಯಿಕ್ ಎಂಬ ಊರಿನ ಮೂಲನಿವಾಸಿಗಳಾದ ಅವರ ಜನರಿಗೆ ಬುಟ್ಟಿಯೆಂದರೆ ಕಂದು ಆ್ಯಶ್ ಮರದ ದಿಮ್ಮಿ ಬಡಿದು ಪದರಪದರವಾಗಿ ಎಬ್ಬಿಸಿದ ಪಟ್ಟಿಯಿಂದ ಹೆಣೆದದ್ದೇ. ಜೌಗಿನಲ್ಲಿ ಮರ ಹುಡುಕಿ, ಕಡಿದು ತರುವುದು ಲೂಯಿಯ ಕೆಲಸವಾಗಿತ್ತು. ಇಷ್ಟು ವರ್ಷ ಸಂಸಾರ ಮಾಡಿಯೂ ಡೆಲಿಯಾ ಒಮ್ಮೆಯೂ ಅವನ ಹಿಂದೆ ಹೋದವಳಲ್ಲ.

ಹಿಮ ಬೀಳುವ ಹೊತ್ತಿಗೆ ಮನೆಯಲ್ಲಿದ್ದ ಪಟ್ಟಿ ಮುಗಿಯಿತು. ಮರ ಬಲ್ಲವರು ಊರಲ್ಲಿ ಬೇರೆಯವರೂ ಇದ್ದರು. ಆದರೆ ಆ್ಯಶ್ ಮರವನ್ನೇ ತಿನ್ನುವ ಹುಳು ಬಂದಿದೆಯೆಂಬ ಸುದ್ದಿ ಹಬ್ಬಿದಾಗಿನಿಂದ, ತಮಗೆ ಗೊತ್ತಿದ್ದ ಮರದ ಜಾಗದ ಬಗ್ಗೆ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಡೆಲಿಯಾ ತಾನೇ ಕೊಡಲಿ ಹಿಡಿದು ಹೊರಟಳು. ನಾದಿನಿ ಮಾಲಿಯನ್ನು ಕರೆದುಕೊಂಡು ಹೋಗಿ ಒಂದು ಮರ ಉರುಳಿಸಿ, ಹಿಮದ ಮೇಲೆ ಎಳೆದು ತಂದಳು. ಕೊಡಲಿಯ ಹಿಂಬದಿಯಿಂದ ಸಂಜೆಯವರೆಗೆ ದಿಮ್ಮಿಯನ್ನು ಬಡಿದಳು. ಅಂಗೈಯೆಲ್ಲ ಬೊಬ್ಬೆ. ಒಂದು ಪದರವೂ ಏಳಲಿಲ್ಲ.

"ಪದರ ಏಳ್ತಿಲ್ಲ ಅಂದ್ರೆ ಇದು ಬಿಳಿ ಆ್ಯಶ್ ಕಣೇ ಅತ್ತಿಗೆ," ಎಂದಳು ಮಾಲಿ. "ಕೊಡಲಿಗೆ ಹಿಡಿ ಮಾಡ್ಕೋಬಹುದು. ಊರಿಗೆಲ್ಲ ಹಂಚೋವಷ್ಟು ಆಗತ್ತೆ."

"ಎಲೆ ಇದ್ದಿದ್ರೆ ಹೇಳ್ತಿದ್ದೆ. ಈಗ ಎಲ್ಲಾ ಬೋಳು. ಎಲ್ಲಾ ಒಂದೇ ಥರ ಕಾಣ್ತವೆ ನಂಗೆ," ಎನ್ನುತ್ತ ಡೆಲಿಯಾ ಅಲ್ಲೇ ಕುಸಿದು ಕೂತಳು.

ಮರುದಿನದಿಂದ ಅವಳು ಕಂಡ ಕಂಡ ಮರದ ತೊಗಟೆ, ಕಡ್ಡಿಗಳನ್ನು ಚೀಲಕ್ಕೆ ತುಂಬಿ ತಂದು ಗಂಡನ ಎಡಗೈಗೆ ಇಡತೊಡಗಿದಳು. ಅವನು ಮುಟ್ಟಿ ನೋಡುತ್ತಿದ್ದ, ನೆಲಕ್ಕೆ ಎಸೆಯುತ್ತಿದ್ದ. ಆ್ಯಶ್‌ನಂತೆ ಮೊಗ್ಗುಗಳು ಜೋಡಿಯಾಗಿ ಎದುರುಬದುರಿರದೆ ಒಂದಾದ ಮೇಲೊಂದು ಹತ್ತಿದ ಎಲ್ಮ್ ಮರದ ಕಡ್ಡಿಯನ್ನಂತೂ ಕೆಂಡ ಮುಟ್ಟಿದವನಂತೆ ಎಸೆದ. ಒಂದು ದಿನ ಅವಳ ತಾಳ್ಮೆ ಕೆಟ್ಟಿತು.

"ಯಾಕೆ ಅಲ್ಲ ಅಂತ ಹೇಳೋಕೂ ಆಗಲ್ವಾ ನಿಂಗೆ? ನಾನು ಸಾಯ್ಲಾ ಆ ಜೌಗಲ್ಲಿ?"

ಲೂಯಿಯ ಕಣ್ಣಲ್ಲಿ ನೀರಿಳಿಯಿತು. ಅವನು ಚೀಲದೊಳಗೆ ಕೈಯಾಡಿಸಿ ಒಂದು ತೊಗಟೆ ತೆಗೆದು, ಅವಳ ಹೆಬ್ಬೆರಳನ್ನು ಹಿಡಿದು ಅದರ ಮೇಲೆ ಉಜ್ಜಿದ. ತೊಗಟೆ ಮೆತ್ತಗೆ ಹಿಟ್ಟಿನಂತೆ ಉದುರಿತು. ಆಮೇಲೆ ಒಂದು ಕಡ್ಡಿ ಆರಿಸಿ ಅವಳ ಉಗುರನ್ನು ಅದಕ್ಕೆ ಒತ್ತಿದ. ತುದಿಯ ಮೊಗ್ಗಿಗೂ ಅದರ ಕೆಳಗಿನ ಜೋಡಿ ಮೊಗ್ಗಿಗೂ ನಡುವೆ ಉಗುರು ಹಿಡಿಯುವಷ್ಟು ಸಂದಿತ್ತು.

ಕಂದು ಆ್ಯಶ್‌ನ ಗುರುತು ಅವಳ ಬೆರಳಿಗೆ ತಿಳಿಯಿತು. ಅವನ್ನು ಜೌಗಿನ ಯಾವ ಮರದಿಂದ ಕಿತ್ತು ತಂದಿದ್ದೆಂದು ಮಾತ್ರ ನೆನಪಿರಲಿಲ್ಲ.

ಮತ್ತೆ ಜೌಗಿಗೆ ಹೋದಳು. ಬೆರಳು ಮರಗಟ್ಟುವವರೆಗೆ ಒಂದೊಂದೇ ಕಾಂಡವನ್ನು ಉಜ್ಜಿದಳು. ಕೊನೆಗೆ ಒಂದು ಕಡೆ ತೊಗಟೆ ಹಿಟ್ಟಾಯಿತು. ಸಂತೋಷದಿಂದ ತಲೆಯೆತ್ತಿದರೆ, ಮೇಲೆ ಮರಕುಟುಕ ಹಕ್ಕಿ ಹುಳುವಿಗಾಗಿ ಕಾಂಡವನ್ನು ಕೆರೆದು ಬಿಳಿಚಿಸಿತ್ತು. ತೊಗಟೆ ಎಬ್ಬಿಸಿದಳು. ಒಳಗೆಲ್ಲ ಹುಳು ಕೊರೆದ ಅಂಕುಡೊಂಕು ದಾರಿ. ಅಕ್ಕಪಕ್ಕದ ಮರಗಳಲ್ಲೂ ಅದೇ.

ಗಂಡನಿಗೆ ತಿಳಿಸುವುದೇ ಬೇಡವೆನ್ನಿಸಿತು. ಆದರೂ ತೊಗಟೆಯನ್ನು ಅವನ ಕೈಗಿಟ್ಟಳು. ಅವನ ಬೆರಳು ಹುಳುವಿನ ದಾರಿ ಹಿಡಿದು ತುದಿಯವರೆಗೆ ಹೋಗಿ ನಿಂತಿತು. ಆಮೇಲೆ ಕೊಡಲಿಯತ್ತ ಕೈ ತೋರಿಸಿದ.

"ಸಾಯ್ತಿರೋ ಮರಾನಾ?"

ಅವನು ಹೌದೆಂದು ತಲೆಯಾಡಿಸಿದ.

ಡೆಲಿಯಾ, ಮಾಲಿ ಕಡಿದು ತಂದು ಬಡಿದರು. ಹೊರಗಿನ ಪದರ ಚೂರುಚೂರಾಗಿ ಬಂತು. ಹುಳು ಅಷ್ಟು ಆಳಕ್ಕೆ ಇಳಿದಿರಲಿಲ್ಲ; ಅದರ ಕೆಳಗಿನ ಪದರ ದಿಮ್ಮಿಯುದ್ದಕ್ಕೂ ಹರಿಯದೆ ಎದ್ದಿತು. ಆ ಚಳಿಗಾಲವಿಡೀ ಡೆಲಿಯಾ ಮತ್ತು ಮಾಲಿ, ಮರ ಒಣಗಿ ಪದರ ಏಳದಂತಾಗುವ ಮೊದಲು ಆದಷ್ಟು ಕಡಿದರು. ಕೈಗೆ ಸಿಗದೆ ಉಳಿದ ಮರಗಳು ವಸಂತದಲ್ಲಿ ಚಿಗುರಲಿಲ್ಲ.